ಹನ್ನೊಂದು ಕೈ ಮೇಲೆದ್ದ ದಿನ

ಊಟದ ಡಬ್ಬಿ ಬಿಚ್ಚಿಟ್ಟುಕೊಂಡು ಕೂತ ನನ್ನ ಹೆಂಡತಿ ಒಂದು ತುತ್ತೂ ಬಾಯಿಗಿಡಲಿಲ್ಲ. ಬಲಗೈಯನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡಿದ್ದಳು.

"ಏನಾಯ್ತೇ?" ಅಂದೆ.

"ಏನೂ ಆಗ್ಲಿಲ್ಲ. ಬೆಳಿಗ್ಗೆ ಈ ಕೈ ಮಿಷನ್ನಿಗೆ ಸಿಕ್ಕೋದ್ರಲ್ಲಿತ್ತು, ಅಷ್ಟೇ ಕಣ್ರೀ."

ನಾವಿಬ್ಬರೂ ಕೆಲಸ ಮಾಡುವುದು ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ. ನಾನು ಬಾಯ್ಲರ್ ನೋಡಿಕೊಳ್ಳುವವನು, ಅವಳು ಇಸ್ತ್ರಿ ಮಿಷನ್ನಿನವಳು. ಇಬ್ಬರು ಎರಡು ತುದಿ ಹಿಡಿದು ಒದ್ದೆ ಬೆಡ್‌ಶೀಟನ್ನು ನನ್ನ ಬಾಯ್ಲರಿನ ಹಬೆಯಿಂದ ಕಾಯುವ ರೋಲರಿಗೆ ಕೊಟ್ಟರೆ ಆ ಕಡೆ ಗರಿಗರಿಯಾಗಿ ಹೊರಬರುತ್ತದೆ. ರೋಲರಿನ ಮುಂದೆ ಒಂದು ಕಬ್ಬಿಣದ ಪಟ್ಟಿ ಇದೆ. ಕೈ ತಾಗಿತೋ, ಮಿಷನ್ ಗಕ್ಕನೆ ನಿಲ್ಲಬೇಕು. ಆದರೆ ದಪ್ಪ ಕಂಬಳಿ ತಾಗಿದರೂ ನಿಲ್ಲುತ್ತಿತ್ತು. ಅದಕ್ಕೆ ಹರಿದ ಬೆಡ್‌ಶೀಟಿನ ಚಿಂದಿಯಿಂದ ಆ ಪಟ್ಟಿಯನ್ನು ಅಲುಗಾಡದಂತೆ ಬಿಗಿದು ಕಟ್ಟಿದ್ದರು. ಯಾರು ಕಟ್ಟಿದ್ದು ಅಂತ ಕೇಳಿದರೆ ಎಲ್ಲರೂ ಮಹಾ ಮುಗ್ಧರೇ.

ಅಂದು ಬೆಳಿಗ್ಗೆ ಒದ್ದೆ ಬಟ್ಟೆಯ ತುದಿ ಅವಳ ಮಣಿಕಟ್ಟಿಗೆ ಸುತ್ತಿಕೊಂಡು ಒಳಗೆ ಎಳೆದಿತ್ತು. ಬಟ್ಟೆ ಹಳೆಯದು, ಪರ್ರನೆ ಹರಿಯಿತು. ಹೊಸದಾಗಿದ್ದರೆ?

"ಬಾಯಿ ಮುಚ್ಕೊಂಡಿರು," ಅಂದೆ. "ಪಟ್ಟಿ ಕಟ್ಟಿದ್ದೆಲ್ಲ ನಿನ್ನ ತಲೆಗೇ ಬರುತ್ತೆ. ಕೆಲಸ ಹೋದ್ರೆ?"

"ಎರಡನೇ ಶಿಫ್ಟಲ್ಲಿ ಅದೇ ಜಾಗದಲ್ಲಿ ನನ್ನ ತಂಗಿ ನಿಲ್ತಾಳೆ ಕಣ್ರೀ."

ಪಕ್ಕದಲ್ಲಿ ಕೂತಿದ್ದ ಹೊಲಿಗೆ ಅಕ್ಕ ತಮ್ಮ ಡಬ್ಬಿ ಮುಚ್ಚಿದರು. ಹರಿದ ಬಟ್ಟೆಗೆ ತೇಪೆ ಹಾಕುವವರು. ಅವರ ಎಡಗೈಯಲ್ಲಿ ಮೂರೇ ಬೆರಳು. ಹೇಗಾಯಿತು ಎಂದು ನಾವು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

"ತಮ್ಮಾ, ಹಿಂದೆ ನಾನಿದ್ದ ಕಾರ್ಖಾನೇಲಿ ಬೆರಳು ಹೋದಾಗ ಜೊತೆಯವರು ಆರು ಜನ ನೋಡೋಕೆ ಬಂದ್ರು. ಒಬ್ಬೊಬ್ಬರಾಗಿ ಮಂಚದ ಪಕ್ಕ ಕೂತು ಏನಂದ್ರು ಗೊತ್ತಾ? 'ನಂಗೂ ಅಲ್ಲೇ ಒಂದ್ಸಲ ಕೈ ಸಿಕ್ಕೋದ್ರಲ್ಲಿತ್ತು ಅಕ್ಕಾ' ಅಂತ. ಆರು ಜನಾನೂ ಅದೇ ಮಾತು! ಅವರಲ್ಲಿ ಒಬ್ರು ಮೊದಲೇ ಬಾಯಿ ಬಿಟ್ಟಿದ್ರೆ ಸಾಕಿತ್ತು."

ಹೆಂಡತಿ ಎದ್ದು ನೇರ ಮ್ಯಾನೇಜರಮ್ಮನ ಕೋಣೆಗೆ ಹೋದಳು.

ಹತ್ತೇ ನಿಮಿಷದಲ್ಲಿ ಮಿಷನ್ ನಿಂತಿತು. ಆ ಗುಡುಗುಡು ಸದ್ದು ನಿಂತಾಗ ನಮ್ಮ ಉಸಿರು ನಮಗೇ ಕೇಳಿಸಿತು. ಎಲ್ಲರನ್ನೂ ಕರೆದರು. ಎರಡನೇ ಶಿಫ್ಟಿನವರೂ ಆಗಲೇ ಬಂದಿದ್ದರು, ಅವರಲ್ಲಿ ನನ್ನ ನಾದಿನಿಯೂ ಇದ್ದಳು. ಇನ್ನೇನು ಕೂಗಾಟ ಶುರು ಎಂದು ನಾನು ಕಾದೆ. ಮ್ಯಾನೇಜರಮ್ಮ ಚಿಂದಿಯ ಗಂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು.

"ಯಾರು ಕಟ್ಟಿದ್ದು ಅಂತ ನಾನು ಕೇಳಲ್ಲ. ಯಾಕೆ ಕಟ್ಟಬೇಕಾಯ್ತು, ಅದನ್ನ ಹೇಳಿ. ಇದಕ್ಕೆ ಯಾರ ಕೆಲಸಾನೂ ಹೋಗಲ್ಲ."

ನನಗೆ ಉತ್ತರ ಗೊತ್ತಿತ್ತು. ತಂಗಿಯ ಪಕ್ಕದಲ್ಲಿ ನಿಂತಿದ್ದ ಹೆಂಡತಿ ನನ್ನನ್ನೇ ನೋಡುತ್ತಿದ್ದಳು.

"ನನ್ನಿಂದ," ಅಂದೆ ಕೊನೆಗೆ. "ಮಿಷನ್ ನಿಂತಾಗೆಲ್ಲ ಬಾಯ್ಲರಲ್ಲಿ ಹಬೆ ಏರುತ್ತೆ, ನಾನು ಓಡಿಹೋಗಿ ವಾಲ್ವ್ ತಿರುಗಿಸ್ಬೇಕು. ಆ ಸಿಟ್ಟಿಗೆ ಇವರನ್ನ ಬಂದು ಬಂದು ಬೈತಿದ್ದೆ. ನನ್ನ ಬಾಯಿಗೆ ಹೆದರಿ ಕಟ್ಟಿದ್ದಾರೆ."

"ನನ್ನದೂ ತಪ್ಪಿದೆ," ಅಂದರು ಮ್ಯಾನೇಜರಮ್ಮ. "ಕಂಬಳೀನೂ ಇದಕ್ಕೇ ಹಾಕಿ ಅಂದವಳು ನಾನೇ. ಈಗ ಹೇಳಿ, ಇಲ್ಲಿ ಕೈ ಸಿಕ್ಕೋದ್ರಲ್ಲಿತ್ತು ಅನ್ನೋರು ಇನ್ಯಾರಿದ್ದೀರಿ?"

ಒಂದು ಕೈ ಮೇಲೆದ್ದಿತು. ಆಮೇಲೆ ಇನ್ನೊಂದು. ಹಿಂದಿನ ಸಾಲಿನಿಂದ ಮೂರು. ನನ್ನ ಹೆಂಡತಿಯನ್ನು ಬಿಟ್ಟು ಒಟ್ಟು ಹನ್ನೊಂದು ಕೈ. ಕೊನೆಯದು ನನ್ನ ನಾದಿನಿಯದು.

"ನಂಗೆ ಯಾಕೆ ಹೇಳ್ಲಿಲ್ವೇ?" ಅಂದಳು ಹೆಂಡತಿ.

"ನೀನು ಹೆದರ್ಕೋತೀಯ ಅಂತ, ಅಕ್ಕಾ."

ಎಲ್ಲ ಬೆರಳೂ ನೆಟ್ಟಗಿದ್ದ ಹನ್ನೊಂದು ಕೈ! ಉಳಿಸಿದ್ದು ಬರೀ ಅದೃಷ್ಟ. ಇಷ್ಟು ದೊಡ್ಡ ವಿಷಯ ನಮ್ಮೆಲ್ಲರಿಗೂ ಚೂರು ಚೂರು ಗೊತ್ತಿತ್ತು, ಆದರೆ ಲಾಂಡ್ರಿಗೆ ಗೊತ್ತಿರಲಿಲ್ಲ. ನನ್ನ ಹೆಂಡತಿಯ ಎರಡು ಮಾತಿಗೆ ಅದೆಲ್ಲ ಹೊರಗೆ ಬಂತಲ್ಲ ಎಂದು ನಾನು ಬೆರಗಾಗಿ ನಿಂತೆ.

ಅಂದಿನಿಂದ ಕಂಬಳಿಗಳು ಬೇರೆ ಮಿಷನ್ನಿಗೆ ಹೋದವು. ಹಬೆ ಏರಿದರೆ ತಾನಾಗಿಯೇ ತಗ್ಗಿಸುವ ವಾಲ್ವ್ ಬಂತು, ನನ್ನ ಬಾಯಿಯೂ ತಗ್ಗಿತು. ಬಾಗಿಲ ಬಳಿ ಒಂದು ಬೋರ್ಡು ಹಾಕಿದರು. ಎಡಗಡೆ "ಸ್ವಲ್ಪದರಲ್ಲಿ ತಪ್ಪಿದ್ದು", ಬಲಗಡೆ "ಏನು ಸರಿಮಾಡಿದೆವು". ಬರೆದವರ ಹೆಸರು ಬೇಕಿಲ್ಲ. ಬಲಗಡೆ ಖಾಲಿ ಉಳಿದರೆ ಮ್ಯಾನೇಜರಮ್ಮನನ್ನೇ ನಿಲ್ಲಿಸಿ ಕೇಳಬಹುದು. ನಮ್ಮ ಇನ್ನೊಂದು ಲಾಂಡ್ರಿಗೂ ಇದನ್ನು ತಿಳಿಸಿದರು. ಅಲ್ಲಿ ಹೋಗಿ ನೋಡಿದರೆ ಅಲ್ಲೂ ಒಂದು ಚಿಂದಿ!

ತಿಂಗಳ ಮೇಲೆ ಒಂದು ಬೆಳಿಗ್ಗೆ ನಾದಿನಿ ಮನೆಗೆ ಬಂದಳು. ಕೈಯಲ್ಲಿ ಅವಳ ಕೆಲಸದ ಅಂಗಿ, ತೋಳಿನ ಅಂಚು ಸುಟ್ಟು ಕಂದಾಗಿತ್ತು.

"ನಿನ್ನೆ ಈ ತೋಳು ಒಳಗೆ ಹೋಯ್ತು ಭಾವ. ಪಟ್ಟಿಗೆ ಕೈ ತಾಗಿದ್ದೇ ಮಿಷನ್ ನಿಂತ್ಹೋಯ್ತು."

ಹೆಂಡತಿ ಅವಳ ಕೈಗಳನ್ನು ಹಿಡಿದು ಒಂದೊಂದೇ ಬೆರಳು ಮುಟ್ಟಿ ನೋಡಿದಳು. ಹತ್ತಕ್ಕೆ ಹತ್ತೂ ಇದ್ದವು.

"ಬೋರ್ಡ್ ಮೇಲೆ ಬರೆದ್ಯಾ?" ಅಂದೆ.

"ಬರೆದೇ ಬಂದೆ ಭಾವ."

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಕೆಲಸದ ಜಾಗದಲ್ಲೂ ಎಲ್ಲೋ ಒಂದು ಚಿಂದಿ ಕಟ್ಟಿರಬಹುದು. ಇವತ್ತು ಸ್ವಲ್ಪದರಲ್ಲಿ ತಪ್ಪಿದ್ದನ್ನು ಇವತ್ತೇ ಹೇಳಿ. ನೀವು ಮೇಲಿನವರಾಗಿದ್ದರೆ "ಯಾರು?" ಅನ್ನುವ ಬದಲು "ಯಾಕೆ?" ಅನ್ನಿ, ಕೇಳಿದ್ದನ್ನು ಸರಿಮಾಡಿ. ನನ್ನಂಥ ಬಾಯಿಬಡುಕರಾಗಿದ್ದರೆ ಬೈಯುವುದನ್ನು ನಿಲ್ಲಿಸಿ. ನೀವು ಮನೆಗೆ ಹೋದ ಮೇಲೆ ಆ ಜಾಗದಲ್ಲಿ ಬಂದು ನಿಲ್ಲುವವಳು ಯಾರದೋ ತಂಗಿ.