ಮೇಸ್ತ್ರಿ ಮನೆಯ ಮಣ್ಣಿನ ಒಲೆ

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರೆ. ಗಾರೆ ಮೇಸ್ತ್ರಿಯ ಮನೆಯಲ್ಲಿ ಹದಿನೈದೇ ದಿನದಲ್ಲಿ ಮಾತೂ ಆಯಿತು, ತೂತೂ ಆಯಿತು. ಹೇಗೆ ಅಂತ ಹೇಳುತ್ತೇನೆ, ಕೇಳಿ.

ಜಗಳ ಶುರುವಾದದ್ದು ಹಿತ್ತಲಿನಿಂದ. ಹಿತ್ತಲೆಂದರೆ ಅದೇನು ದೊಡ್ಡ ತೋಟವೇ? ಒಂದು ಹಳೆಯ ಮರ, ಸೋರುವ ನಲ್ಲಿ, ನಲ್ಲಿಯ ಕೆಳಗೆ ಒಂದಿಷ್ಟು ಕೆಸರು, ಅಲ್ಲಿ ನೀರು ಕುಡಿಯಲು ಬರುವ ಎರಡು ಹಕ್ಕಿ. ಆದರೆ ಮೇಸ್ತ್ರಿಯ ಹೆಂಡತಿಗೆ ಅದೇ ಅರಮನೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷ ಹಾಸಿಗೆ ಬಟ್ಟೆ ಒಗೆದು ನಿವೃತ್ತಳಾದವಳು ಅವಳು. ಕೆಲಸ ಬಿಟ್ಟು ಬಂದರೂ ಆ ಯಂತ್ರಗಳ ಗಡಗಡ ಮಾತ್ರ ಅವಳ ಕಿವಿ ಬಿಟ್ಟಿರಲಿಲ್ಲ. ಊಟಕ್ಕೆ ಕೂತರೂ ಗಡಗಡ, ಮಲಗಿದರೂ ಗಡಗಡ. ಒಂದು ಬೆಳಿಗ್ಗೆ ಟೀ ಲೋಟ ಹಿಡಿದು ಮರದ ಕೆಳಗೆ ಕೂತಿದ್ದಾಗ ಅದು ತಟ್ಟನೆ ನಿಂತಿತು. ಎಲೆ ಅಲುಗಿದ್ದು ಕೇಳಿಸಿತು. ಖುಷಿಗೆ ಅವಳು ಅಲ್ಲೇ ಕೂತು ಅತ್ತುಬಿಟ್ಟಳು.

ಅಷ್ಟರಲ್ಲಿ ಮಹಡಿಯ ಮೇಲಿದ್ದ ಮೈದುನ ವ್ಯಾನ್ ತೆಗೆದುಕೊಂಡ.

"ಹಿತ್ತಲಿಗೆ ಕಾಂಕ್ರೀಟ್ ಹಾಕಿ ಗಾಡಿ ನಿಲ್ಲಿಸೋಣ. ಆ ಮರಾನೂ ತೆಗೆಸಿಬಿಡ್ತೀನಿ," ಎಂದ ಮೇಸ್ತ್ರಿ.

"ಹಿತ್ತಲು ನನಗೆ ಬೇಕು ರೀ."

"ಯಾತಕ್ಕೆ?"

"ಕೂತ್ಕೊಳ್ಳೋಕೆ."

ಮೈದುನ ನಕ್ಕ. "ಕೂತ್ಕೊಳ್ಳೋಕೆ ಕುರ್ಚಿ ಸಾಕಲ್ವಾ ಅತ್ತಿಗೆ?"

"ಇಷ್ಟು ವರ್ಷದಲ್ಲಿ ಆ ಮಣ್ಣಿಂದ ಒಂದು ತುತ್ತು ಊಟ ಬಂದಿದ್ಯಾ, ಹೇಳು," ಎಂದು ಮೇಸ್ತ್ರಿಯೂ ಸೇರಿಸಿದ.

"ಬರುತ್ತೆ. ಬ್ರೆಡ್ ಬರುತ್ತೆ!"

ಬಾಯಿ ತಪ್ಪಿ ಬಂದ ಮಾತು. ಚಿಕ್ಕಂದಿನಲ್ಲಿ ಅವಳಮ್ಮ ಮಣ್ಣಿನ ಒಲೆಯಲ್ಲಿ ಬ್ರೆಡ್ ಸುಡುತ್ತಿದ್ದಳು. ಒಲೆಗೆ ಮಣ್ಣು ತುಳಿಯುವ ಕೆಲಸ ಇವಳದು. ಬಿಸಿ ಬ್ರೆಡ್ ಮುರಿದಾಗ ಏಳುವ ಆ ಘಮ ನೆನಪಿತ್ತೇ ಹೊರತು ತಾನಾಗಿ ಒಂದು ದಿನವೂ ಸುಟ್ಟವಳಲ್ಲ. ಆದರೆ ಆಡಿದ ಮಾತನ್ನು ನುಂಗುವ ಪೈಕಿಯೂ ಅಲ್ಲ.

ಪಂಥ ಬಿತ್ತು. ಹದಿನೈದು ದಿನ. ಅವಳು ಸುಟ್ಟ ಬ್ರೆಡ್ಡನ್ನು ಮನೆಯ ಮೂವರೂ ತಿನ್ನಬೇಕು, ಒಬ್ಬರ ಬಾಯಿಂದಲೂ ಒಂದು ಕೊಂಕು ಬರಬಾರದು. ಬಂತೋ, ಮಾರನೆಯ ದಿನವೇ ಕಾಂಕ್ರೀಟ್. ಕುಡಿಯುವ ನೀರಿಗೂ ಉಪ್ಪು ಕಡಿಮೆ ಎನ್ನುವ ಗಂಡನ ಜೊತೆ ಇಂಥ ಪಂಥ ಕಟ್ಟುವವರುಂಟೇ? ಇವಳು ಕಟ್ಟಿದಳು. ಅವತ್ತೇ ಹಿಟ್ಟಿಗೆ ನೀರು ಕಲಸಿ, ಜಾಡಿಗೆ ಹಾಕಿ ಹುಳಿ ಬರಲು ಇಟ್ಟಳು.

ಮಾರನೆಯ ದಿನ ಮಣ್ಣು ಅಗೆಯಲು ಹಾರೆ ಎತ್ತಿದ್ದೇ ತಡ, ಮೇಸ್ತ್ರಿ ಓಡಿ ಬಂದ.

"ಏನೇ ಇದು? ಮೇಸ್ತ್ರಿ ಮನೇಲಿ ಮಣ್ಣಿನ ಒಲೆನಾ? ನೋಡಿದವರು ಉಗೀತಾರೆ. ಪಂಥ ಪಂಥಾನೇ, ಆದ್ರೆ ಒಲೆ ನಾನು ಕಟ್ತೀನಿ. ಸಿಮೆಂಟಲ್ಲಿ."

"ಅಮ್ಮ ಮಣ್ಣಲ್ಲೇ ಕಟ್ತಿದ್ದಿದ್ದು ರೀ."

"ಅಮ್ಮ ಗಾರೆ ಕೆಲಸ ಕಲ್ತಿದ್ರಾ?"

ಕಟ್ಟಿದ ನೋಡಿ, ಏನು ಕಟ್ಟಿದ! ತೂಗುಗುಂಡು ಬಿಟ್ಟು, ಮಟ್ಟ ನೋಡಿ, ಗುಮ್ಮಟದ ಮೇಲೆ ನುಣ್ಣಗೆ ಸಿಮೆಂಟ್ ಬಳಿದು, ಮೇಲೊಂದು ಹೂವನ್ನೂ ಕೊರೆದ. ಆಮೇಲೆ ಒಂದು ವಾರ ದಿನಕ್ಕೆ ಮೂರು ಸಲ ನೀರು ಹೊಡೆದ. ಸಿಮೆಂಟ್ ನೀರು ಕುಡಿದಷ್ಟೂ ಗಟ್ಟಿ ಎನ್ನುವುದು ಅವನಿಗೆ ಜನ್ಮಕ್ಕಂಟಿದ ವಿದ್ಯೆ. ಇವಳು ಜಾಡಿಯ ಹಿಟ್ಟಿಗೆ ದಿನಾ ಹೊಸ ಹಿಟ್ಟು ಕೊಟ್ಟು ಸಾಕುತ್ತಾ ದಿನ ಎಣಿಸಿದಳು.

ಹತ್ತನೆಯ ದಿನ ಸೌದೆ ಉರಿಯಿತು. ಅರ್ಧ ಗಂಟೆ ಕಳೆದಿರಲಿಲ್ಲ, ಕುಡಿದ ನೀರೆಲ್ಲ ಒಳಗೇ ಕುದಿದು ಫಟ್ ಎಂದು ಸಿಡಿದು ಹೂವಿನ ಸಮೇತ ಒಂದು ಚಕ್ಕೆ ನಲ್ಲಿಯ ಹತ್ತಿರ ಹೋಗಿ ಬಿತ್ತು. ಗುಮ್ಮಟ ಬಾಯಿ ಬಿಟ್ಟಿತು. ಮೂರು ಬೆರಳು ತೂರುವಷ್ಟು ತೂತು.

"ಸೌದೆ ಸರಿ ಇಲ್ಲ," ಎಂದ ಮೇಸ್ತ್ರಿ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಉಳಿದದ್ದು ಐದೇ ದಿನ. ಅವಳು ಕೂಗಾಡಲಿಲ್ಲ, ಸೆರಗು ಸಿಕ್ಕಿಸಿ ಹಾರೆ ಎತ್ತಿದಳು. ನಲ್ಲಿಯ ಕೆಳಗಿನ ಕೆಸರು ಮಣ್ಣು, ಬುಟ್ಟಿ ಮರಳು, ಒಣಗಿದ ಹುಲ್ಲು. ಎಲ್ಲ ಸೇರಿಸಿ ಕಾಲಲ್ಲಿ ತುಳಿದಳು. ತುಳಿಯುತ್ತಾ ತುಳಿಯುತ್ತಾ ಕಾಲಿಗೇ ಹಳೆಯದೆಲ್ಲ ನೆನಪಾಯಿತು: ಹಿಮ್ಮಡಿ ಎಷ್ಟು ಊರಬೇಕು, ಇನ್ನೆಷ್ಟು ನೀರು ಬೇಕು. ಒಡೆದ ಒಲೆಯ ಪಕ್ಕ ಮರಳನ್ನು ಗುಡ್ಡೆ ಹಾಕಿ, ಅದರ ಮೇಲೆ ಮಣ್ಣು ಮೆತ್ತಿ ಸಂಜೆಯೊಳಗೆ ಗುಮ್ಮಟ ಎಬ್ಬಿಸಿದಳು.

ಮೇಸ್ತ್ರಿ ಬಾಗಿಲಲ್ಲಿ ನಿಂತು ಒದ್ದಾಡಿಹೋದ. ಎಡಗಡೆ ಉಬ್ಬಿದೆ, ಬಲಗಡೆ ತಗ್ಗಿದೆ. ಕೊನೆಗೆ ತಡೆಯಲಾರದೆ ಕರಣೆ ಹಿಡಿದು ಬಂದ.

"ಒಂದೇ ಒಂದು ಕೈ ಒರೆಸ್ತೀನಿ ಕಣೇ, ನೋಡೋಕಾಗ್ತಿಲ್ಲ."

"ಮುಟ್ಟಿದ್ರೆ ನೋಡಿ ಮತ್ತೆ! ಸೊಟ್ಟ ಇದ್ರೂ ಇದು ನನ್ನ ಒಲೆ."

ಒಳಗಿನ ಮರಳು ತೆಗೆದು, ಎರಡು ದಿನ ಪುಳ್ಳೆಯ ಸಣ್ಣ ಉರಿ ಇಟ್ಟು ಒಣಗಿಸಿದಳು. ಒಲೆ ಸಿಡಿಯಲಿಲ್ಲ. ಆದರೆ ಹದಿಮೂರನೆಯ ದಿನದ ಬ್ರೆಡ್ ಒಳಗೆಲ್ಲ ಹಸಿ, ಅಂಟು. ಮೇಸ್ತ್ರಿ ನೋಡುವ ಮೊದಲೇ ಅದನ್ನು ಇರುವೆಗಳಿಗೆ ಹಾಕಿದಳು. ಹದಿನಾಲ್ಕನೆಯ ದಿನ ಹನ್ನೆರಡು ಮೂಟೆ ಸಿಮೆಂಟ್ ಬಂದು ಹಿತ್ತಲ ಬಾಗಿಲಿಗೆ ಒರಗಿತು. ಮೂಟೆಗಳನ್ನು ಬಳಸಿಕೊಂಡು ಹೋಗಿ ಅವಳು ಹಿಟ್ಟು ನಾದಿದಳು. ಬಿಡುವುದಿಲ್ಲ ಎಂದರೆ ಬಿಡುವುದಿಲ್ಲ.

ಕೊನೆಯ ಬೆಳಿಗ್ಗೆ ಒಲೆ ಕಾದ ಮೇಲೆ ಕೆಂಡವನ್ನೆಲ್ಲ ಹೊರಗೆಳೆಯಬೇಕಿತ್ತು. ಮತ್ತೆ ಹಸಿ ಉಳಿದರೆ ಎಂಬ ಹೆದರಿಕೆಗೆ ಒಂದು ಮೂಲೆಯ ಕೆಂಡ ಹಾಗೇ ಬಿಟ್ಟು, ಬ್ರೆಡ್ ಒಳಗಿಟ್ಟು ಒಲೆಯ ಬಾಯಿ ಮುಚ್ಚಿದಳು. ಇನ್ನು ಕಾಯುವುದೊಂದೇ. ಮೋಸ ನಡೆಯದಂತೆ ನೋಡಲು ಮೇಸ್ತ್ರಿಯೂ ಬಂದು ಮರದ ಕೆಳಗೆ ಕೂತ. ಆ ಮನೆ ಕಟ್ಟಿದವನು, ಆ ಹಿತ್ತಲಲ್ಲಿ ಕೂತದ್ದು ಅದೇ ಮೊದಲು.

ಹಕ್ಕಿಗಳು ಬಂದು ನೀರು ಕುಡಿದು ಹೋದವು. ಬ್ರೆಡ್ಡಿನ ಘಮ ಮೆಲ್ಲಗೆ ಹರಡಿತು.

"ಇಲ್ಲಿ ಕೂತ್ರೆ ನನ್ನ ಕಿವೀಲಿ ಆ ಮೆಷಿನ್ ನಿಲ್ಲುತ್ತೆ ರೀ," ಎಂದಳು ಅವಳು. "ಅದಕ್ಕೇ ಕೇಳಿದ್ದು. ಬೇರೆ ಏನೂ ಇಲ್ಲ."

ಮೇಸ್ತ್ರಿ ಅವಳನ್ನೇ ನೋಡಿದ. "ನಿನಗೂನಾ?"

"ಅಂದ್ರೆ?"

"ನನಗೆ ಮಿಕ್ಸರ್. ಕಾಂಕ್ರೀಟ್ ಮಿಕ್ಸರ್. ಇಪ್ಪತ್ತು ವರ್ಷದಿಂದ ತಿರುಗ್ತಾನೇ ಇದೆ." ಸ್ವಲ್ಪ ಹೊತ್ತು ಕಿವಿಗೊಟ್ಟು ಕೂತ. "ಈಗ ಇಲ್ಲ ಕಣೇ."

ಮೂವತ್ತು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದವರು, ಒಬ್ಬರ ಕಿವಿಯ ಸದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಹೇಳಿ, ಇದಕ್ಕೇನೆನ್ನಬೇಕು?

ಅವಳು ಒಲೆಯ ಬಾಯಿ ತೆಗೆದಳು. ಬ್ರೆಡ್ ಚೆನ್ನಾಗಿ ಉಬ್ಬಿತ್ತು, ಮೇಲೆ ಹೊಂಬಣ್ಣ. ತಿರುಗಿಸಿ ನೋಡಿದಳು. ಕೆಂಡ ಬಿಟ್ಟಿದ್ದ ಕಡೆ, ಒಂದು ಬದಿ ಪೂರ್ತಿ ಕರಿ. ಆದರೂ ಕರಿ ಬದಿಯನ್ನು ಕೆರೆಯಲಿಲ್ಲ, ಮುಚ್ಚಿಡಲಿಲ್ಲ. ಹೇಗಿತ್ತೋ ಹಾಗೇ ತಟ್ಟೆಯಲ್ಲಿಟ್ಟು ಮೈದುನನನ್ನು ಕೂಗಿದಳು. ಕರಿ ಬದಿಯ ತುಂಡನ್ನು ಮೊದಲು ತಾನೇ ತಿಂದಳು. ಕಹಿ ಇತ್ತು; ಕಹಿಯ ಒಳಗೆ ಅಮ್ಮನ ಬ್ರೆಡ್ಡೇ ಇತ್ತು.

ಮೇಸ್ತ್ರಿ ಒಂದು ತುಂಡು ಮುರಿದು ಬಾಯಿಗಿಟ್ಟ. ಅಗಿದ, ನುಂಗಿದ. ಇನ್ನೊಂದು ಮುರಿದ. ಉಪ್ಪು ಕಡಿಮೆ ಎನ್ನಲಿಲ್ಲ.

ಮೈದುನ ವ್ಯಾನಿನ ಕೀಲಿ ಕುಣಿಸುತ್ತಾ ಬಂದ. ಒಂದು ತುತ್ತು ತಿಂದು ಮುಖ ಹಿಂಡಿದ.

"ಅಯ್ಯೋ ಅತ್ತಿಗೆ, ಇದು ಕರ..."

ಮಾತು ಮುಗಿಯಲಿಲ್ಲ. ಮೇಸ್ತ್ರಿ ಎದ್ದು, ಕೈಯಲ್ಲಿದ್ದ ದಪ್ಪ ತುಂಡನ್ನು ತಮ್ಮನ ಬಾಯಿಗೆ ತುರುಕಿದ. ಗೋಡೆಯ ಬಿರುಕಿಗೆ ಗಾರೆ ತುಂಬಿದಂತೆ, ಒಂದೇ ಏಟಿಗೆ.

"ಅಗಿ," ಎಂದ. "ಅಗಿದು ನುಂಗು. ನುಂಗಿ ಆ ಮೂಟೆಗಳನ್ನ ನಿನ್ನ ಗಾಡಿಗೆ ಹಾಕ್ಕೊಂಡು ಅಂಗಡಿಗೆ ವಾಪಸ್ ಕೊಟ್ಟು ಬಾ. ಗಾಡಿ ಬೀದೀಲಿ ನಿಲ್ಸು."

ಆಮೇಲೆ ಮರದ ಕೆಳಗೆ ಹೆಂಡತಿಯ ಪಕ್ಕ ಕೂತು, ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡ.