ನಕ್ಷೆಯಲ್ಲಿ ಪಾಳುಬಿದ್ದ ಊರು

ಎಲ್ಲಿಂದ ಹೇಳಲಿ? ಬೆಟ್ಟದಿಂದ ಹೊರಟರೆ ನಾನು ಕೆಳಗಿಳಿಯುವಷ್ಟರಲ್ಲಿ ನೀವು ಪುಟ ತಿರುವಿರುತ್ತೀರಿ. ನಕ್ಷೆಯಿಂದಲೇ ಹೊರಡುತ್ತೇನೆ. ಶಾಲೆಯ ಅಟ್ಟದಲ್ಲಿ ಸಿಕ್ಕ, ನೂರು ವರ್ಷ ಹಳೆಯ ಸರ್ವೆ ನಕ್ಷೆ. ಊಟದ ಮೇಜಿನಷ್ಟು ಅಗಲ, ಮಡಿಕೆಗಳಲ್ಲಿ ಸವೆದು ಟೇಪು ಹಚ್ಚಿಸಿಕೊಂಡದ್ದು. (ಇಂಥದ್ದು ಕಂಡರೆ ನನಗೆ ಕೈ ನಿಲ್ಲುವುದಿಲ್ಲ. ಎತ್ತರ ತೋರಿಸುವ ಕಂದು ಗೆರೆಗಳ ಬಗ್ಗೆಯೇ ಮೂರು ಪುಟ ಬರೆದಿದ್ದೆ. ಡಿಲೀಟ್ ಮಾಡಿದೆ. ಥ್ಯಾಂಕ್ಸ್ ಬೇಡ.)

೧. ಅದರ ಮೇಲೆ ಬಗ್ಗಿ ನಿಂತಿರುವವಳು ಪೋಸ್ಟಕ್ಕ. ಬೆಟ್ಟದ ಮೇಲಿನ ಊರಲ್ಲಿ ಹುಟ್ಟಿದವಳು, ಹದಿನೆಂಟು ವರ್ಷದಿಂದ ಅಲ್ಲಿಗೇ ಕಾಗದ ಹಂಚುತ್ತಿರುವವಳು. ಕೆಳಗಿನ ಜಮೀನಿನ ಹೊಸ ಮಾಲೀಕ ಊರಿನ ಕಾಲುದಾರಿಗೆ ಅಡ್ಡವಾಗಿ ಬೇಲಿ ಹಾಕಿಸಿದ್ದಾನೆ. ಸುತ್ತಿ ಬಂದರೆ ಒಂಬತ್ತು ಕಿಲೋಮೀಟರು. ದೂರು ಕೊಟ್ಟಾಗ ಭೂದಾಖಲೆ ಕಚೇರಿಯ ಅಧಿಕಾರಿ ಹೇಳಿದ್ದಿಷ್ಟೇ: ಜನ ಓಡಾಡುತ್ತಿದ್ದ ದಾರಿ ಅಂತ ಹಳೆಯ ನಕ್ಷೆಯಲ್ಲಿ ತೋರಿಸಿ, ಬೇಲಿ ತೆಗೆಸುತ್ತೇನೆ.

ದಾರಿ ಇತ್ತು. ಚುಕ್ಕೆಗೆರೆಯಾಗಿ, ಬೆಟ್ಟದ ನೆತ್ತಿಯವರೆಗೂ ಇತ್ತು. ಪೋಸ್ಟಕ್ಕನ ಬೆರಳು ಅದರ ಮೇಲೆ ನಡೆದು ಊರು ತಲುಪಿತು. ಊರಿನ ಹೆಸರಿನ ಕೆಳಗೆ ಸಣ್ಣದಾಗಿ ಎರಡಕ್ಷರ: ಪಾಳು.

ಪಾಳೂರಿಗೆ ಯಾರು ಓಡಾಡುತ್ತಾರೆ?

೨. ಇಲ್ಲಿ ನಾನೊಂದು ಸಾಂಕ್ರಾಮಿಕ ರೋಗ ತಂದಿದ್ದೆ. ಊರಿಗೆ ಊರೇ ಖಾಲಿ, ಎಷ್ಟೋ ವರ್ಷದ ಮೇಲೆ ಒಬ್ಬಳೇ ಹೆಂಗಸು ವಾಪಸು, ಹಿನ್ನೆಲೆಯಲ್ಲಿ ಗಾಳಿ. ಚೆನ್ನಾಗಿತ್ತು ಕಣ್ರೀ. ಪೋಸ್ಟಕ್ಕ ಒಪ್ಪಲಿಲ್ಲ.

"ನಮ್ಮೋರನ್ನ ಸುಮ್ಸುಮ್ನೆ ಸಾಯಿಸ್ಬೇಡಿ. ಅಜ್ಜೀನ ಕೇಳ್ಕೊಂಡ್ ಬರ್ತೀನಿ, ಅಲ್ಲೀವರ್ಗೂ ಪೆನ್ನು ಕೆಳಗಿಡಿ."

(ಪೆನ್ನೆಲ್ಲಿ ಬಂತು, ನಾನು ಕುಟ್ಟುತ್ತಿರುವುದು ಕೀಬೋರ್ಡು. ಆದರೂ ಕೈ ತೆಗೆದೆ.)

೩. ಅಜ್ಜಿ ನಕ್ಕು, ಕೆಮ್ಮಿ, ನೀರು ಕುಡಿದು, ಮತ್ತೆ ನಕ್ಕಳು. ಅವಳ ಅತ್ತೆ ಹೇಳುತ್ತಿದ್ದ ಸಂಗತಿಯಂತೆ. ಬಾವುಟ, ಮೂರು ಕಾಲಿನ ದುರ್ಬೀನು ಹೊತ್ತ ಜನ ಬೆಟ್ಟ ಹತ್ತುವುದು ಕಂಡಾಗ ಊರಿನವರು ಅವರನ್ನು ಕಂದಾಯ ಹಾಕಲು ತಲೆ ಎಣಿಸುವವರು ಅಂದುಕೊಂಡರು. ಒಲೆಗೆ ನೀರು ಸುರಿದರು. ಬಾಗಿಲುಗಳನ್ನು ಕಿತ್ತು ಹುಲ್ಲಿನಡಿ ಮುಚ್ಚಿಟ್ಟರು. ಕೋಳಿ, ಆಡು, ಕೂಸುಗಳನ್ನು ಎತ್ತಿಕೊಂಡು ಹಿಂದಿನ ಗವಿ ಸೇರಿದರು. ಎರಡು ದಿನ ಒಂದು ಕೂಸೂ ಅಳಲಿಲ್ಲವಂತೆ. (ಇದನ್ನು ನಾನು ನಂಬುವುದಿಲ್ಲ, ಅಜ್ಜಿಯ ಎದುರು ಹೇಳುವ ಧೈರ್ಯವಿಲ್ಲ.) ಅಳತೆಯವರು ಸುತ್ತ ನೋಡಿ, ಪಾಳು ಎಂದು ಗುರುತು ಹಾಕಿಕೊಂಡು ಇಳಿದುಹೋದರು.

"ಅಷ್ಟು ಚೆನ್ನಾಗಿ ಬಚ್ಚಿಟ್ಕೊಂಡಿದ್ರು ನಮ್ಮೋರು," ಅಜ್ಜಿ ಬೀಗಿದಳು.

"ಅದೇ ಈಗ ಕುತ್ತಿಗೆಗೆ ಬಂದಿದೆ ಅಜ್ಜಿ."

೪. ಆ ಎರಡಕ್ಷರದ ಮೇಲೆ ಟೀ ಚೆಲ್ಲಿಬಿಡು ಅಂತ ನಾನು ಐಡಿಯಾ ಕೊಟ್ಟೆ. ಪೋಸ್ಟಕ್ಕ ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ಬರೆಯಲಾರೆ. ಅವಳು ನಕ್ಷೆಯನ್ನು ಇದ್ದಹಾಗೇ ಕಚೇರಿಗೆ ಒಯ್ದಳು. ಪಾಳು ಎಂಬುದರ ಮೇಲೆ ತಾನೇ ಬೆರಳಿಟ್ಟು, ಗವಿಯ ಸಂಗತಿಯನ್ನು ತಲೆ ತಗ್ಗಿಸದೆ ಪೂರಾ ಹೇಳಿದಳು. ಅಧಿಕಾರಿ ಕತೆ ಸೊಗಸಾಗಿದೆ, ಸಾಕ್ಷಿ ಬೇಕು ಎಂದರು. ಅವಳು ಬೆರಳನ್ನು ಒಂದಿಂಚು ಪಕ್ಕಕ್ಕೆ ಸರಿಸಿದಳು. ಅಲ್ಲೊಂದು ಪುಟ್ಟ ನೀಲಿ ಸೊನ್ನೆ. ಬಾವಿ.

"ಸರ್, ನಕ್ಷೆ ಅಂಚಲ್ಲೇ ಬರ್ದಿದೆ ನೋಡಿ. ಬತ್ತಿದ ಬಾವಿಗೆ ಕಪ್ಪು, ನೀರಿರೋದಕ್ಕೆ ನೀಲಿ. ನಮ್ ಬಾವಿ ವರ್ಷಕ್ಕೊಂದ್ಸಲ ಹೂಳು ತೆಗೀದಿದ್ರೆ ಮುಚ್ಚೋಗುತ್ತೆ. ಪಾಳೂರಲ್ಲಿ ಹೂಳು ತೆಗ್ದೋರು ಯಾರು?"

ಅಧಿಕಾರಿ ಭೂತಗನ್ನಡಿ ಹಿಡಿದು ಬಹಳ ಹೊತ್ತು ಬಗ್ಗಿದ್ದರು. ಗುರುವಾರ ಸ್ಥಳಕ್ಕೇ ಬರುತ್ತೇನೆ ಎಂದರು.

೫. ಅಂತ್ಯ ಒಂದು: ಬೇಲಿ ಉರುಳಿತು, ಎಲ್ಲರೂ ಕುಣಿದರು. (ಸಿನಿಮಾ.) ಅಂತ್ಯ ಎರಡು: ಫೈಲು ಮೇಲಿನ ಕಚೇರಿಗೆ ಹೋಗಿ ಅಲ್ಲೇ ಮಲಗಿತು. (ಇದಕ್ಕೆ ಪ್ರತಿಭೆ ಬೇಕಿಲ್ಲ.) ಬೇಲಿಯ ತೀರ್ಮಾನ ನನಗೇ ಗೊತ್ತಿಲ್ಲ, ಕೇಳಬೇಡಿ.

ಗುರುವಾರದ್ದು ಮಾತ್ರ ಹೇಳಬಲ್ಲೆ. ಅಳತೆ ಟೇಪಿನ ಇಬ್ಬರನ್ನು ಕರೆದುಕೊಂಡು ಅಧಿಕಾರಿ ಬೇಲಿ ನುಸುಳಿ, ಏದುಸಿರು ಬಿಡುತ್ತ ಮೇಲೆ ಬಂದರು. ಒಂದೊಂದು ಬಾಗಿಲಲ್ಲೂ ಮನೆಮಂದಿಯೆಲ್ಲ ಸಾಲಾಗಿ ನಿಂತಿದ್ದರು. ಎಲ್ಲ ಒಲೆಗಳೂ ಉರಿಯುತ್ತಿದ್ದವು. ಅಧಿಕಾರಿ ಪುಸ್ತಕ ತೆರೆದು, ಊರಿನ ಹೆಸರು ಬರೆದು, ಎಷ್ಟು ಜನ ಇದ್ದೀರಿ ಎಂದು ಕೇಳಿದರು.

ಅಜ್ಜಿ ಎರಡು ಹೆಜ್ಜೆ ಮುಂದೆ ಬಂದಳು.

"ನಾ ಒಬ್ಳು. ಬರ್ಕೊಳ್ಳಿ."

ಎಣಿಕೆ ಇನ್ನೂ ನಡೆಯುತ್ತಿದೆ. ನಾನು ಅಡ್ಡ ಬರುವುದಿಲ್ಲ.