ಪಾತಾಳದಲ್ಲೊಂದು ಕೈ

ಪಾತಾಳಕ್ಕಿಳಿದ ಯೇಸುವನ್ನು ಬರೆದು ಬರೆದು ಅಕ್ಕನ ಸೊಂಟ ಬಿದ್ದುಹೋಗಿತ್ತು. ಬೆಳಿಗ್ಗೆ ಇಗರ್ಜಿಯ ಗೋಡೆಗೆ ಕಟ್ಟಿದ ಸಾರುವೆ ಹತ್ತುವುದು, ಸಂಜೆ ಇಳಿಯುವುದು, ಮನೆಗೆ ಬಂದು ಮುಚ್ಚಿದ ಬಾಗಿಲೊಂದರ ಮುಂದೆ ಊಟದ ತಟ್ಟೆ ಇಡುವುದು. ಇದೂ ಒಂದು ಬಾಳೇ!

ಬಾಗಿಲ ಹಿಂದೆ ಇದ್ದವನು ತಮ್ಮ. ಇಗರ್ಜಿಗಳಿಗೆ ಚಿತ್ರ ಬರೆಯುವುದು ಇಬ್ಬರಿಗೂ ಅಪ್ಪನಿಂದ ಬಂದ ಕಸುಬು. ಬಟ್ಟೆಯ ನೆರಿಗೆ, ಬಂಡೆ, ಕತ್ತಲು ಅಕ್ಕನ ಪಾಲು; ಮುಖ ಮತ್ತು ಕೈ ತಮ್ಮನ ಪಾಲು. ಹೆಂಡತಿಯನ್ನು ಮಣ್ಣು ಮಾಡಿ ಬಂದ ದಿನ ಒಳಗೆ ಹೋಗಿ ಚಿಲಕ ಹಾಕಿಕೊಂಡವನು, ಅಕ್ಕ ಕೆಲಸಕ್ಕೆ ಹೋದಾಗ ಬಚ್ಚಲಿಗೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಈಚೆಗೆ ತಟ್ಟೆಯೂ ಇಟ್ಟಲ್ಲೇ ಇರುತ್ತಿತ್ತು. "ಬಾಗಿಲು ತೆಗೆಯೋ" ಎಂದು ಕರೆದು ಕರೆದು ಅವಳ ಗಂಟಲು ಒಣಗಿತ್ತು. ಇವನೂ ಹೋಗಿಬಿಟ್ಟರೆ ಏನು ಗತಿ ಎಂದು ಭಯವಾಗುತ್ತಿತ್ತು.

ಮುಖಗಳನ್ನು ಹೇಗೋ ತಿದ್ದಿ ತೀಡಿ ಮುಗಿಸಿದಳು. ಉಳಿದದ್ದು ಕೈ. ಪಾತಾಳದ ಕದಗಳನ್ನು ಮುರಿದು, ಅವನ್ನೇ ಮೆಟ್ಟಿ ನಿಂತ ಯೇಸು ಗೋರಿಯಿಂದ ಆದಾಮನನ್ನು ಎತ್ತುವ ಕೈ. ಅಂಗೈಗೆ ಅಂಗೈ ಸೇರಿಸಿ ಬರೆದಳು. ಮಧ್ಯಾಹ್ನ ಪಾದ್ರಿಗಳು ಬಂದು ಕತ್ತೆತ್ತಿ ನೋಡಿದರು.

"ಏನಮ್ಮಾ, ಇಬ್ರೂ ಮದುವೆ ಮನೇಲಿ ಸಿಕ್ಕಿ ಕೈ ಕುಲುಕ್ತಿರೋ ಹಾಗಿದೆಯಲ್ಲ?"

'ಹಾಗಾದ್ರೆ ನೀವೇ ಹತ್ತಿ ಬರೀರಿ' ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡಳು. ಹಾಳಾದ್ದು, ಅವರು ಹೇಳಿದ್ದು ನಿಜವೇ. ಆದರೆ ತಪ್ಪು ಎಲ್ಲಿದೆಯೆಂದು ಎಷ್ಟು ನೋಡಿದರೂ ಹೊಳೆಯಲಿಲ್ಲ.

ಸಂಜೆ ಹೆಗಲ ಚೀಲವನ್ನೂ ಇಳಿಸದೆ ತಮ್ಮನ ಬಾಗಿಲಿಗೆ ಒರಗಿ ಕುಸಿದಳು.

"ನಿನ್ನ ಕೆಲಸ ನನ್ನ ತಲೆಗೆ ಕಟ್ಟಿ ಕೂತಿದ್ದೀಯಲ್ಲೋ! ಆದಾಮ ಯೇಸು ಕೈ ಹಿಡ್ಕೊಂಡಿದ್ದಾನೆ, ಪಾದ್ರಿಗಳು ನೋಡಿ ನಗ್ತಾರೆ. ನಂಗೂ ಸಾಕಾಗಿದೆ ಕಣೋ."

ಒಳಗಿನಿಂದ ದನಿ ಬಂತು. ಮಾತೇ ಮರೆತವನ ದನಿ.

"ಆದಾಮ ಹಿಡ್ಕೊಳ್ಳಲ್ಲ ಅಕ್ಕ. ಸತ್ತೋನಿಗೆ ಹಿಡಿಯೋ ಶಕ್ತಿ ಎಲ್ಲಿರುತ್ತೆ? ಯೇಸುನೇ ಮಣಿಕಟ್ಟು ಹಿಡಿದು ಎಳೀಬೇಕು. ಅಪ್ಪ ಹೇಳ್ತಿರಲಿಲ್ವಾ?"

ಹೇಳುತ್ತಿದ್ದರು. ಅವಳೇ ಮರೆತಿದ್ದಳು, ಗೋಡೆಯ ಮೇಲೂ, ಈ ಬಾಗಿಲ ಮುಂದೆಯೂ.

ಗೋಡೆ ಹಿಡಿದು ಎದ್ದಳು. ಆ ಬಾಗಿಲು ಹೊರಕ್ಕೆ ತೆರೆಯುವಂಥದ್ದು. ಕೀಲುಗಳು ಇಷ್ಟು ದಿನವೂ ಅವಳ ಕಡೆಗೇ ಇದ್ದವು. ಬಣ್ಣದ ಡಬ್ಬಿಯ ಮುಚ್ಚಳ ಎಬ್ಬಿಸುವ ಸ್ಕ್ರೂಡ್ರೈವರ್ ಚೀಲದಲ್ಲಿತ್ತು. ತಮ್ಮನನ್ನು ಬಯ್ಯುತ್ತ, ತನ್ನನ್ನೂ ಬಯ್ದುಕೊಳ್ಳುತ್ತ, ಅಳುತ್ತ, ಒಂದೊಂದೇ ತಿರುಪು ಬಿಚ್ಚಿದಳು. ಬದಿಗೆ ಸರಿದು ಎಳೆದಾಗ ಚಿಲಕವೂ ಕಿತ್ತುಬಂದು ಕದ ದಢಾರನೆ ಬಿತ್ತು. ಅದನ್ನೇ ತುಳಿದುಕೊಂಡು ಒಳಹೊಕ್ಕಳು.

"ನನ್ನ ಕೈಲಾಗಲ್ಲ ಅಕ್ಕ," ಎಂದ ಹಾಸಿಗೆಯಲ್ಲಿದ್ದವನು.

"ನಿನ್ನ ಕೈಲಾಗತ್ತಾ ಅಂತ ಕೇಳಿದೋರು ಯಾರೋ?" ಎಂದು ಅವನ ಮಣಿಕಟ್ಟು ಹಿಡಿದು ಎಳೆದಳು.